ಜಾಲದ ಪರಿಭಾಷೆ ಮತ್ತು ಕನ್ನಡ ಸಂಶೋಧನೆಯ ಆಕರ

ಕನ್ನಡದ ಸಂಶೋಧನ ಪ್ರಬಂಧಗಳ ಆಕರಸೂಚಿಯ ಕೊನೆಯಲ್ಲಿ 'ಅಂತರಜಾಲ ಕೃಪೆ' ಎಂಬ ಸಾಲು ಕಾಣಿಸಿಕೊಳ್ಳುವುದು ಈಗ ಅಪರೂಪವಲ್ಲ. ಕೆಲವು ಪ್ರಬಂಧಗಳಲ್ಲಿ ಅದು 'ಆಧಾರ: ಗೂಗಲ್' ಎಂದಿರುತ್ತದೆ, ಮತ್ತೆ ಕೆಲವದರಲ್ಲಿ ಯಾವುದೋ ಜಾಲತಾಣದ ಮುಖಪುಟದ ವಿಳಾಸವಷ್ಟೇ ಇರುತ್ತದೆ. ಒಂದು ಓಲೆಗರಿಯ ಪ್ರತಿಯನ್ನು ಕುರಿತು ಬರೆಯುವಾಗ ಅದು ಯಾವ ಭಂಡಾರಕ್ಕೆ ಸೇರಿದ್ದು, ಕ್ರಮಾಂಕವೇನು, ಗರಿಗಳೆಷ್ಟು, ಪ್ರತಿಕಾರ ಯಾರು ಎಂದು ತಪ್ಪದೆ ನಮೂದಿಸುವ ವಿದ್ವತ್ ಪರಂಪರೆ ಕನ್ನಡದ್ದು. ಅದೇ ಪರಂಪರೆಯಲ್ಲಿ ಪಳಗಿದ ಸಂಶೋಧಕರು ಜಾಲದ ಆಕರವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಿಚಿತ್ರವಾಗಿ ತೋರುತ್ತದೆ. 'ಅಂತರಜಾಲ ಕೃಪೆ' ಎಂದು ಬರೆಯುವುದಕ್ಕೂ 'ಗ್ರಂಥಾಲಯ ಕೃಪೆ' ಎಂದು ಬರೆಯುವುದಕ್ಕೂ ವ್ಯತ್ಯಾಸವಿಲ್ಲ. 'ಆಧಾರ: ಗೂಗಲ್' ಎನ್ನುವುದಂತೂ ಗ್ರಂಥಾಲಯದ ಸೂಚೀಪತ್ರಗಳ ಪೆಟ್ಟಿಗೆಯನ್ನೇ ಆಕರವೆಂದು ಹೇಳಿದಂತೆ.

ಇದಕ್ಕೆ ಸಂಶೋಧಕರ ಅಲಕ್ಷ್ಯವೊಂದೇ ಕಾರಣವೆನ್ನಲಾಗದು. ಜಾಲತಾಣ, ಜಾಲಪುಟ, ಕೊಂಡಿ, ಶೋಧಯಂತ್ರ, ಯೂನಿಕೋಡ್ ಮೊದಲಾದ ಪದಗಳು ನಿತ್ಯದ ಬಳಕೆಗೆ ಬಂದಿವೆಯಾದರೂ, ಪ್ರತಿಯೊಂದು ಪದದ ಹಿಂದೆಯೂ ಇರುವ ಕಾರ್ಯವಿಧಾನ ಬಳಸುವವರ ಗಮನಕ್ಕೆ ಬಂದಿರುವುದು ಕಡಿಮೆ. ಪದಗಳ ನಡುವಿನ ಗೆರೆ ಮಸುಕಾದಾಗ ಆಕರಗಳ ನಡುವಿನ ಗೆರೆಯೂ ಮಸುಕಾಗುತ್ತದೆ. ಈ ಪರಿಭಾಷೆಯನ್ನು ಗ್ರಂಥಸಂಪಾದನೆ ಮತ್ತು ಶಾಸನಶಾಸ್ತ್ರಗಳಲ್ಲಿ ಪರಿಚಿತವಾದ ಪ್ರಶ್ನೆಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪಠ್ಯ ಎಲ್ಲಿದೆ, ಅದನ್ನು ಬರೆದ ಲಿಪಿ ಯಾವುದು, ಕೈಯಲ್ಲಿರುವುದು ಯಾವ ಪ್ರತಿ ಎಂಬ ಮೂರು ಪ್ರಶ್ನೆಗಳು ಜಾಲದ ಪಠ್ಯಕ್ಕೂ ಯಥಾವತ್ತಾಗಿ ಅನ್ವಯಿಸುತ್ತವೆ.

ಜಾಲ ಮತ್ತು ಜಾಲಗಳ ಜಾಲ

ಮೊದಲಿಗೆ 'ಅಂತರಜಾಲ' ಎಂಬ ಪದವನ್ನೇ ಗಮನಿಸಬಹುದು. ಇದಕ್ಕೆ 'ಅಂತರ್ಜಾಲ' ಎಂಬ ಮತ್ತೊಂದು ರೂಪವೂ ಅಷ್ಟೇ ವ್ಯಾಪಕವಾಗಿ ಚಾಲ್ತಿಯಲ್ಲಿದೆ. ಇಂಗ್ಲಿಷಿನ ಇಂಟರ್‌ನೆಟ್ ಎಂಬ ಹೆಸರು ಬೇರೆ ಬೇರೆ ಗಣಕಜಾಲಗಳನ್ನು ಪರಸ್ಪರ ಬೆಸೆದ ವ್ಯವಸ್ಥೆಯನ್ನು ಸೂಚಿಸುತ್ತದೆ. ಸಂಸ್ಕೃತದ 'ಅಂತರ್' ಎಂಬ ಅವ್ಯಯಕ್ಕೆ 'ನಡುವೆ' ಎಂಬ ಅರ್ಥವೂ ಉಂಟಾದರೂ, ಕನ್ನಡದಲ್ಲಿ ನೆಲೆನಿಂತಿರುವುದು 'ಒಳಗೆ' ಎಂಬ ಅರ್ಥವೇ. ಅಂತರ್ಜಲ, ಅಂತರ್ಮುಖಿ, ಅಂತರ್ಗತ ಎಂಬ ಪದಗಳನ್ನು ನೆನೆಯಬಹುದು. ಹೀಗಾಗಿ 'ಅಂತರ್ಜಾಲ' ಎಂಬ ರೂಪ ಕನ್ನಡದ ಕಿವಿಗೆ 'ಒಳಗಿನ ಜಾಲ' ಎಂದೇ ಕೇಳಿಸುತ್ತದೆ. ಆ ಅರ್ಥ ಒಂದು ಕಚೇರಿಯ ಅಥವಾ ವಿಶ್ವವಿದ್ಯಾಲಯದ ಆವರಣದೊಳಗಷ್ಟೇ ಕೆಲಸಮಾಡುವ ಇಂಟ್ರಾನೆಟ್ ಎಂಬ ವ್ಯವಸ್ಥೆಗೆ ಸಲ್ಲತಕ್ಕದ್ದು. ಅಂತರಶಿಸ್ತೀಯ ಎಂಬಲ್ಲಿನ ಹಾಗೆ 'ಅಂತರ' ಎಂಬುದನ್ನು ಪೂರ್ವಪದವಾಗಿಸಿದ 'ಅಂತರಜಾಲ' ಎಂಬ ರೂಪವೇ ಹೆಚ್ಚು ಯುಕ್ತ. ಅಂತರರಾಷ್ಟ್ರೀಯವೋ ಅಂತಾರಾಷ್ಟ್ರೀಯವೋ ಎಂಬ ಹಳೆಯ ಚರ್ಚೆಯ ಮುಂದುವರಿಕೆಯಾಗಿ ಇದನ್ನು ಕಾಣಬಹುದು. ಅಲ್ಲಿ ಸಂಧಿನಿಯಮದ ಬಲ 'ಅಂತಾರಾಷ್ಟ್ರೀಯ' ಎಂಬ ರೂಪಕ್ಕಿದೆ. ಇಲ್ಲಿ ಅರ್ಥಸ್ಪಷ್ಟತೆಯ ಬಲ 'ಅಂತರಜಾಲ' ಎಂಬ ರೂಪಕ್ಕಿದೆ.

ರೂಪದ ಪ್ರಶ್ನೆಗಿಂತ ಮುಖ್ಯವಾದುದು ಅಂತರಜಾಲ ಮತ್ತು ವೆಬ್ ಎಂಬೆರಡು ಪರಿಕಲ್ಪನೆಗಳ ನಡುವಿನ ಭೇದ. ಕನ್ನಡದಲ್ಲಿ ಎರಡನ್ನೂ 'ಜಾಲ' ಎಂದೇ ಕರೆಯುವುದರಿಂದ ಈ ಭೇದ ಮರೆಯಾಗಿದೆ. ಅಂತರಜಾಲವೆಂದರೆ ಗಣಕಗಳನ್ನು ಬೆಸೆಯುವ ತಂತಿ, ಗಾಜಿನೆಳೆ, ನಿಸ್ತಂತು ಸಂಪರ್ಕ ಮತ್ತು ಅವುಗಳ ಮೂಲಕ ಮಾಹಿತಿಯನ್ನು ಸಾಗಿಸುವ ನಿಯಮಾವಳಿಗಳ ಸಮಗ್ರ ವ್ಯವಸ್ಥೆ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನ ಘಟಕವೊಂದರ ಆಶ್ರಯದಲ್ಲಿ 1969ರಲ್ಲಿ ಕೆಲಸ ಆರಂಭಿಸಿದ ಅರ್ಪಾನೆಟ್ ಇದರ ಪೂರ್ವರೂಪ. ಸಂದೇಶವನ್ನು ಇಡಿಯಾಗಿ ಕಳುಹಿಸದೆ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿ ಪೊಟ್ಟಣದ ಮೇಲೂ ವಿಳಾಸ ಬರೆದು, ಬೇರೆ ಬೇರೆ ದಾರಿಗಳಲ್ಲಿ ಸಾಗಲು ಬಿಟ್ಟು, ಗುರಿ ತಲುಪಿದ ಮೇಲೆ ಮತ್ತೆ ಜೋಡಿಸಿಕೊಳ್ಳುವುದು ಅದರ ಕ್ರಮ. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ರೂಪಿಸಿದ ಟಿಸಿಪಿ/ಐಪಿ ಎಂಬ ನಿಯಮಾವಳಿಯನ್ನು 1983ರ ಜನವರಿ 1ರಿಂದ ಅರ್ಪಾನೆಟ್ ಅಳವಡಿಸಿಕೊಂಡಿತು. ನಿಯಮಾವಳಿ ಎಂದು ಇಲ್ಲಿ ಹೇಳಿದ್ದು ಪ್ರೋಟೊಕಾಲ್ ಎಂಬ ಪದಕ್ಕೆ. ಇದಕ್ಕೆ 'ಶಿಷ್ಟಾಚಾರ' ಎಂಬ ಅನುವಾದವೂ ಅಲ್ಲಲ್ಲಿ ಕಾಣುತ್ತದೆ. ಆದರೆ ಮಂತ್ರಿಗಳ ಸ್ವಾಗತಕ್ಕೆ ಸಲ್ಲುವ ಆ ಮಾತು ಗಣಕಗಳ ಸಂಭಾಷಣೆಗೆ ಅಷ್ಟಾಗಿ ಹೊಂದುವುದಿಲ್ಲ.

ವೆಬ್ ಹುಟ್ಟಿದ್ದು ಇದಕ್ಕೆ ಎಷ್ಟೋ ವರ್ಷಗಳ ತರುವಾಯ. ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ, ಸಂಸ್ಥೆಯ ದಾಖಲೆಗಳನ್ನು ಒಂದಕ್ಕೊಂದು ಕೊಂಡಿಗಳಿಂದ ಬೆಸೆಯುವ ಯೋಜನೆಯೊಂದನ್ನು ಮಂಡಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಆ ತಂತ್ರಜ್ಞಾನವನ್ನು ಸಾರ್ವಜನಿಕರ ಮುಕ್ತ ಬಳಕೆಗೆ ಬಿಟ್ಟುಕೊಟ್ಟಿತು. ಭಾರತದಲ್ಲಿ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳಿಗಾಗಿ ಅರ್ನೆಟ್ ಎಂಬ ಜಾಲ 1986ರಲ್ಲಿಯೇ ಆರಂಭವಾಗಿತ್ತು. ಸಾರ್ವಜನಿಕರಿಗೆ ಅಂತರಜಾಲ ಸಂಪರ್ಕವನ್ನು ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಒದಗಿಸಿತು. ಅಂತರಜಾಲ ರಸ್ತೆಯಾದರೆ ವೆಬ್ ಆ ರಸ್ತೆಯ ಮೇಲೆ ಓಡುವ ಒಂದು ಬಗೆಯ ವಾಹನ. ಮಿಂಚಂಚೆ, ವಾಟ್ಸಾಪ್ ಸಂದೇಶಗಳು ಅದೇ ರಸ್ತೆಯಲ್ಲಿ ಓಡುವ ಬೇರೆ ವಾಹನಗಳು. ಸಂಶೋಧಕರಿಗೆ ಈ ಭೇದದ ಪ್ರಯೋಜನವಿಷ್ಟು: ವೆಬ್‌ನಲ್ಲಿ ಪ್ರಕಟವಾದ ಪುಟಕ್ಕೆ ಸಾರ್ವಜನಿಕ ವಿಳಾಸವಿರುತ್ತದೆ, ಬೇರೊಬ್ಬರು ಅದನ್ನು ಪರಿಶೀಲಿಸಬಲ್ಲರು; ವಾಟ್ಸಾಪಿನಲ್ಲಿ ಬಂದ ಬರಹಕ್ಕೆ ಅಂಥ ವಿಳಾಸವಿಲ್ಲ. ಎರಡನ್ನೂ 'ಅಂತರಜಾಲ' ಎಂದು ಒಂದೇ ಹಗ್ಗದಲ್ಲಿ ಕಟ್ಟಿದರೆ ಪ್ರಕಟಿತ ಆಕರಕ್ಕೂ ಖಾಸಗಿ ಪತ್ರಕ್ಕೂ ಇರುವ ಅಂತರವೇ ಅಳಿಸಿಹೋಗುತ್ತದೆ.

ತಾಣ, ಪುಟ, ವಿಳಾಸ

'ಜಾಲತಾಣ' ಎಂಬುದು ಕನ್ನಡದಲ್ಲಿ ಬಹುಬೇಗ ಬೇರೂರಿದ ಪದ. ತತ್ಸಮವಾದ 'ಜಾಲ'ಕ್ಕೆ 'ಸ್ಥಾನ'ದ ತದ್ಭವವಾದ 'ತಾಣ'ವನ್ನು ಸೇರಿಸಿದ ಈ ರಚನೆ ಹಳಗನ್ನಡ ವ್ಯಾಕರಣದ ಕಟ್ಟುನಿಟ್ಟಿನ ದೃಷ್ಟಿಗೆ ಅರಿಸಮಾಸವೆನಿಸಬಹುದು. ಬಳಕೆ ಆ ಆಕ್ಷೇಪಕ್ಕೆ ಕಿವಿಗೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ. ಒಂದೇ ಹೆಸರಿನಡಿ, ಒಬ್ಬರ ಅಥವಾ ಒಂದು ಸಂಸ್ಥೆಯ ಹೊಣೆಯಲ್ಲಿ ಇರುವ ಪುಟಗಳ ಸಮೂಹ ಜಾಲತಾಣ. ಆ ಸಮೂಹದ ಒಂದು ಘಟಕ ಜಾಲಪುಟ. ಪ್ರವೇಶದ್ವಾರದಂತಿರುವ ಪುಟ ಮುಖಪುಟ. ಮುಖಪುಟದ ವಿಳಾಸವನ್ನಷ್ಟೇ ಆಕರಸೂಚಿಯಲ್ಲಿ ಕೊಡುವುದೆಂದರೆ ಪುಸ್ತಕದ ಹೆಸರನ್ನು ಬಿಟ್ಟು ಪ್ರಕಾಶಕರ ಹೆಸರನ್ನು ಮಾತ್ರ ಕೊಟ್ಟಂತೆ.

'ಪುಟ' ಎಂಬ ರೂಪಕ ಸಹಜವೆನಿಸಿದರೂ ದಾರಿ ತಪ್ಪಿಸುವ ಗುಣವೂ ಅದಕ್ಕಿದೆ. ಮುದ್ರಿತ ಪುಟಕ್ಕೆ ನಿಶ್ಚಿತ ಉದ್ದವಿದೆ, ಸಂಖ್ಯೆಯಿದೆ. ಜಾಲಪುಟಕ್ಕೆ ಇವೆರಡೂ ಇಲ್ಲ. ಅದು ಓದುಗರ ಕಣ್ಣಿಗೆ ಬೀಳುವ ಮುನ್ನ ಪುಟದ ರೂಪದಲ್ಲಿ ಎಲ್ಲಿಯೂ ಇಲ್ಲದಿರುವುದೂ ಉಂಟು. ಅನೇಕ ತಾಣಗಳಲ್ಲಿ ಬರಹ, ಚಿತ್ರ, ದಿನಾಂಕ, ಜಾಹೀರಾತುಗಳೆಲ್ಲ ಬೇರೆ ಬೇರೆಯಾಗಿ ಸಂಗ್ರಹವಾಗಿದ್ದು, ಓದುಗರು ಕೇಳಿದ ಕ್ಷಣದಲ್ಲಿ ಒಟ್ಟುಗೂಡಿ ಪುಟವಾಗುತ್ತವೆ. ಒಂದೇ ಪುಟ ಇಬ್ಬರಿಗೆ ಎರಡು ಬಗೆಯಾಗಿ ಕಾಣಬಹುದಾದುದು ಈ ಕಾರಣದಿಂದ. ಹೀಗೆ ಕೇಳಿದ್ದನ್ನು ಒದಗಿಸುವ ಗಣಕ ಸರ್ವರ್. ಕೇಳಿ ತರಿಸಿಕೊಂಡು ಓದುಗರಿಗೆ ತೋರಿಸುವ ತಂತ್ರಾಂಶ ಬ್ರೌಸರ್. ಗ್ರಂಥಾಲಯದ ಉಗ್ರಾಣವನ್ನೂ ಓದುವ ಮೇಜನ್ನೂ ಇವುಗಳಿಗೆ ಹೋಲಿಸಬಹುದು. ಬ್ರೌಸರಿಗೆ 'ಜಾಲವೀಕ್ಷಕ' ಎಂಬ ಪದವಿದೆ. 'ಜಾಲಶೋಧಕ' ಎಂಬುದನ್ನು ಕೆಲವರು ಬ್ರೌಸರಿಗೂ ಕೆಲವರು ಶೋಧಯಂತ್ರಕ್ಕೂ ಬಳಸುವುದುಂಟು. ಗೊಂದಲಕ್ಕೆ ಎಡೆಗೊಡುವ ಈ ಪದವನ್ನು ಕೈಬಿಡುವುದೇ ಒಳಿತು.

ಪುಟದ ವಿಳಾಸವನ್ನು ಯುಆರ್‌ಎಲ್ ಎಂದು ಕರೆಯುತ್ತಾರೆ. ಅದರಲ್ಲಿ ಮೂರು ಅಂಗಗಳು ಎದ್ದುಕಾಣುತ್ತವೆ. ಮೊದಲಿನದು ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಎಂಬ ನಿಯಮಾವಳಿಯ ಹೆಸರು. ಕೊನೆಯ 'ಎಸ್' ಸೇರಿದ್ದರೆ, ದಾರಿಯಲ್ಲಿ ಯಾರೂ ಒಡೆದು ನೋಡದಂತೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸಲಾಗುತ್ತಿದೆ ಎಂದರ್ಥ. ಇದು ಲಕೋಟೆಯ ಅರಗಿನ ಮುದ್ರೆಯಂತೆ. ಒಳಗಿನ ಪತ್ರದ ಸತ್ಯಾಸತ್ಯತೆಗೆ ಅದು ಪ್ರಮಾಣವಲ್ಲ. ಎರಡನೆಯದು ಡೊಮೇನ್ ಅಥವಾ ಕ್ಷೇತ್ರನಾಮ. ಕನ್ನಡ ವಿಕಿಪೀಡಿಯದ ಕ್ಷೇತ್ರನಾಮ 'ಕೆಎನ್ ಡಾಟ್ ವಿಕಿಪೀಡಿಯ ಡಾಟ್ ಆರ್ಗ್' ಎಂದಿದೆ. ಇದನ್ನು ಬಲದಿಂದ ಎಡಕ್ಕೆ ಓದಬೇಕು: 'ಆರ್ಗ್' ದೊಡ್ಡ ವರ್ಗ, 'ವಿಕಿಪೀಡಿಯ' ಅದರೊಳಗಿನ ತಾಣ, 'ಕೆಎನ್' ಆ ತಾಣದ ಕನ್ನಡ ವಿಭಾಗ. ಊರು, ತಾಲೂಕು, ಜಿಲ್ಲೆ ಎಂದು ಕಿರಿದರಿಂದ ಹಿರಿದಕ್ಕೆ ಹೋಗುವ ಅಂಚೆ ವಿಳಾಸದ ಕ್ರಮವೇ ಇಲ್ಲಿಯೂ ಇದೆ. ಕ್ಷೇತ್ರನಾಮದ ಬಳಿಕ ಓರೆಗೆರೆಗಳ ನಡುವೆ ಬರುವ ಮೂರನೆಯ ಅಂಗ ತಾಣದೊಳಗಿನ ದಾರಿ. ಅದರ ಕ್ರಮ ಹಿರಿದರಿಂದ ಕಿರಿದಕ್ಕೆ. ಗಣಕಗಳು ಪರಸ್ಪರ ಗುರುತಿಸುವುದು ಐಪಿ ವಿಳಾಸವೆಂಬ ಸಂಖ್ಯೆಯಿಂದ. ಮನುಷ್ಯರು ನೆನಪಿಡುವ ಹೆಸರನ್ನು ಆ ಸಂಖ್ಯೆಗೆ ಹೊಂದಿಸಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ದೂರವಾಣಿ ಕೈಪಿಡಿ ಮಾಡುತ್ತಿದ್ದ ಕೆಲಸವೇ ಇದು.

ಕೊಂಡಿ ಎಂಬ ಪದದ ಆಯ್ಕೆ ಸಮರ್ಪಕವಾದುದು. ಸರಪಳಿಯ ಕೊಂಡಿ, ಚಿಲಕದ ಕೊಂಡಿ, ಚೇಳಿನ ಕೊಂಡಿ ಎಲ್ಲವೂ ಕನ್ನಡದವೇ. ಮೋಸದ ತಾಣಕ್ಕೆ ಕರೆದೊಯ್ಯುವ ಕೊಂಡಿಗಳನ್ನು ನೆನೆದರೆ ಮೂರನೆಯ ಅರ್ಥವೂ ಅಪ್ರಸ್ತುತವಲ್ಲ. ಕೊಂಡಿಗಳಿಂದ ಹೆಣೆದ ಪಠ್ಯಕ್ಕೆ ಹೈಪರ್‌ಟೆಕ್ಸ್ಟ್ ಎಂಬ ಹೆಸರನ್ನು ಟೆಡ್ ನೆಲ್ಸನ್ 1960ರ ದಶಕದಲ್ಲಿಯೇ ಕೊಟ್ಟಿದ್ದರು. ಅಪ್‌ಲೋಡ್, ಡೌನ್‌ಲೋಡ್ ಎಂಬವಕ್ಕೆ ಬಂದಿರುವ 'ಏರಿಸು', 'ಇಳಿಸಿಕೊಳ್ಳು' ಎಂಬ ಕ್ರಿಯಾಪದಗಳೂ ಸೊಗಸಾಗಿವೆ. ತನಗಾಗಿ ಪಡೆಯುವ ಕ್ರಿಯೆಗೆ 'ಕೊಳ್ಳು' ಸೇರಿ, ಪರರಿಗಾಗಿ ಇಡುವ ಕ್ರಿಯೆಗೆ ಅದು ಸೇರದಿರುವುದನ್ನು ಯಾವ ಪರಿಭಾಷಾ ಸಮಿತಿಯೂ ಹೇಳಿಕೊಡಬೇಕಾಗಲಿಲ್ಲ. ಕುಕಿ ಎಂಬುದು ಓದುಗರ ಗುರುತು ಹಿಡಿಯಲು ತಾಣವು ಅವರ ಬ್ರೌಸರಿನಲ್ಲಿ ಇಟ್ಟುಹೋಗುವ ಸಣ್ಣ ಟಿಪ್ಪಣಿ. ಒಮ್ಮೆ ತರಿಸಿದ್ದನ್ನು ಮತ್ತೆ ಬೇಕಾದೀತೆಂದು ಹತ್ತಿರದಲ್ಲಿ ಎತ್ತಿಟ್ಟ ಪ್ರತಿಗೆ ಕ್ಯಾಶ್ ಎಂದು ಹೆಸರು. ಈ ಕೊನೆಯ ಪದವನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಅದು ರೊಕ್ಕದ ಕ್ಯಾಶ್ ಆಗಿಬಿಡುವುದರಿಂದ, 'ಎತ್ತಿಟ್ಟ ಪ್ರತಿ' ಎನ್ನುವುದೇ ಲೇಸು.

ಶೋಧಯಂತ್ರ

ಗೂಗಲ್ ಮೊದಲಾದ ಶೋಧಯಂತ್ರಗಳು ಲೇಖನಗಳನ್ನು ಬರೆಯುವ ಸಂಸ್ಥೆಗಳಲ್ಲ. ಸ್ವಯಂಚಾಲಿತ ತಂತ್ರಾಂಶವೊಂದು ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ಓದುತ್ತದೆ. ಓದಿದ ಪದಗಳಿಗೆಲ್ಲ ಒಂದು ಪದಸೂಚಿ ಸಿದ್ಧವಾಗುತ್ತದೆ. ಓದುಗರು ಪದವನ್ನು ಕೊಟ್ಟಾಗ ಆ ಸೂಚಿಯಲ್ಲಿ ದೊರೆತ ಪುಟಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ತೋರಿಸಲಾಗುತ್ತದೆ. ಗ್ರಂಥದ ಕೊನೆಯ ಅಕಾರಾದಿ ಪದಸೂಚಿಯನ್ನು ಬಲ್ಲವರಿಗೆ ಮೊದಲ ಎರಡು ಹಂತಗಳು ಹೊಸವಲ್ಲ. ಮೂರನೆಯದು ಹೊಸದು. ಪುಟಗಳ ಕ್ರಮವನ್ನು ಇಲ್ಲಿ ಅಕಾರಾದಿ ನಿಯಮ ನಿರ್ಧರಿಸುವುದಿಲ್ಲ; ಆ ಪುಟಕ್ಕೆ ಎಷ್ಟು ಕಡೆಯಿಂದ ಕೊಂಡಿಗಳಿವೆ, ಓದುಗರು ಯಾವ ಊರಿನವರು, ಯಾವ ಭಾಷೆಯನ್ನು ಆಯ್ದುಕೊಂಡಿದ್ದಾರೆ ಎಂಬಂಥ ಸಂಗತಿಗಳು ನಿರ್ಧರಿಸುತ್ತವೆ. ಮೊದಲು ಬಂದ ಪುಟ ಹೆಚ್ಚು ಪ್ರಮಾಣಭೂತವಾದುದು ಎಂಬ ನಂಬಿಕೆಗೆ ಆಧಾರವಿಲ್ಲ.

ಸಂಶೋಧನೆಯಲ್ಲಿ ಶೋಧಯಂತ್ರದ ದುರುಪಯೋಗ ನಡೆಯುವುದು ಮುಖ್ಯವಾಗಿ ಇನ್ನೊಂದು ದಿಕ್ಕಿನಲ್ಲಿ. 'ಈ ಪದ ಬೇರೆಲ್ಲಿಯೂ ದೊರೆಯುವುದಿಲ್ಲ', 'ಈ ವಿಷಯವಾಗಿ ಯಾವ ಬರಹವೂ ಇಲ್ಲ' ಎಂಬ ನಿರ್ಣಯಗಳನ್ನು ಜಾಲದಲ್ಲಿ ಹುಡುಕಿದ ಬಲದ ಮೇಲೆ ಮಾಡುವ ರೂಢಿ ಬೆಳೆಯುತ್ತಿದೆ. ಕನ್ನಡದ ಮಟ್ಟಿಗೆ ಇದು ಅತ್ಯಂತ ಅಪಾಯಕಾರಿಯಾದ ತರ್ಕ. ಪುಟ ಕಣ್ಣೆದುರಿಗಿದ್ದು, ಅದರಲ್ಲಿ ಪದವೂ ಇದ್ದು, ಶೋಧಯಂತ್ರ ಮಾತ್ರ ಅದನ್ನು ಕಾಣದೆ ಹೋಗುವ ಸಂದರ್ಭಗಳು ಕನ್ನಡದಲ್ಲಿ ಹೇರಳವಾಗಿವೆ. ಅದಕ್ಕೆ ಕಾರಣ ಅಕ್ಷರಸಂಕೇತದ ಚರಿತ್ರೆಯಲ್ಲಿದೆ.

ಅಕ್ಷರದ ಸಂಕೇತ

ಗಣಕಕ್ಕೆ ಅಕ್ಷರದ ಪರಿಚಯವಿಲ್ಲ. ಅದು ಬಲ್ಲದ್ದು ಸಂಖ್ಯೆಯನ್ನು ಮಾತ್ರ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೇ ಅಕ್ಷರಸಂಕೇತ ಪದ್ಧತಿ. ಆ ಸಂಖ್ಯೆ ಎದುರಾದಾಗ ಪರದೆಯ ಮೇಲೆ ಯಾವ ಆಕಾರವನ್ನು ಬಿಡಿಸಬೇಕು ಎಂದು ಹೇಳುವುದು ಫಾಂಟ್. ಒಂದು ಅಕ್ಷರದ ಗುರುತು, ಇನ್ನೊಂದು ಅಕ್ಷರದ ಉಡುಪು. ಕನ್ನಡ ಗಣಕ ಬಳಕೆಯ ಆರಂಭದ ದಶಕಗಳಲ್ಲಿ ಉಡುಪನ್ನೇ ಗುರುತೆಂದು ಭಾವಿಸಬೇಕಾದ ಅನಿವಾರ್ಯತೆಯಿತ್ತು.

ಆ ಕಾಲದ ಫಾಂಟುಗಳಿಗೆ ದೊರೆಯುತ್ತಿದ್ದುದು 256 ಸ್ಥಾನಗಳು. ಅವುಗಳಲ್ಲಿ ಇಂಗ್ಲಿಷ್ ಮತ್ತು ಇತರ ಐರೋಪ್ಯ ಭಾಷೆಗಳ ಅಕ್ಷರಗಳು ಆಗಲೇ ನೆಲೆಸಿದ್ದವು. ಕನ್ನಡದ ತಂತ್ರಾಂಶಗಳು ಆ ಅಕ್ಷರಗಳ ಸಂಖ್ಯೆಗಳನ್ನು ಹಾಗೆಯೇ ಇಟ್ಟುಕೊಂಡು, ಅವುಗಳ ಆಕಾರದ ಸ್ಥಳದಲ್ಲಿ ಕನ್ನಡದ ಅಚ್ಚಿನ ಮೊಳೆಗಳಂತಹ ತುಣುಕುಗಳನ್ನು ಕೂರಿಸಿದವು. 'ನುಡಿ'ಯ ಹಳೆಯ ಪದ್ಧತಿಯಲ್ಲಿ 'ಕನ್ನಡ' ಎಂದು ಬರೆದಾಗ ಗಣಕದಲ್ಲಿ ದಾಖಲಾಗುವುದು ಏಳು ತುಣುಕುಗಳು: ತಲೆಕಟ್ಟಿಲ್ಲದ ಕಕಾರದ ದೇಹ ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರದ ಸಂಖ್ಯೆಯಲ್ಲಿ, ನಕಾರದ ದೇಹ ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆಯ ಸಂಖ್ಯೆಯಲ್ಲಿ, ನಕಾರದ ಒತ್ತು ಜರ್ಮನ್ ಭಾಷೆಯ ಅಕ್ಷರವೊಂದರ ಸಂಖ್ಯೆಯಲ್ಲಿ, ಡಕಾರದ ದೇಹ ಇಂಗ್ಲಿಷಿನ ಸಣ್ಣ 'ಕ್ಯೂ' ಅಕ್ಷರದ ಸಂಖ್ಯೆಯಲ್ಲಿ, ಜತೆಗೆ ಮೂರು ಬಾರಿ ತಲೆಕಟ್ಟು. ಸಂಬಂಧಪಟ್ಟ ಫಾಂಟ್ ಇರುವ ಗಣಕದಲ್ಲಿ ಇದು ಅಚ್ಚುಕಟ್ಟಾದ ಕನ್ನಡ. ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಶೋಧಯಂತ್ರಕ್ಕಾದರೋ ಯಾವಾಗಲೂ ಎರಡನೆಯದೇ.

ಇದನ್ನು ಆ ತಂತ್ರಾಂಶಗಳ ದೋಷವೆಂದು ಹಳಿಯುವುದು ನ್ಯಾಯವಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಇಲ್ಲದಿದ್ದರೆ ಕನ್ನಡದ ಪ್ರಾಧ್ಯಾಪಕರ ಒಂದು ಪೀಳಿಗೆ ಗಣಕದ ಹತ್ತಿರ ಸುಳಿಯುತ್ತಿತ್ತೆ ಎಂಬುದು ಸಂದೇಹ. ಅವೆರಡೂ ಮುಂದೆ ಯೂನಿಕೋಡನ್ನು ಅಳವಡಿಸಿಕೊಂಡವು. ಆದರೆ ಹಳೆಯ ಪದ್ಧತಿಯಲ್ಲಿ ಟೈಪು ಮಾಡಿದ ಬರಹಗಳು ಹಾಗೆಯೇ ಉಳಿದಿವೆ. ಸಂಶೋಧನ ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿ ವಿಧಿಸಿದ ಬಳಿಕ, ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಭಂಡಾರಕ್ಕೆ ಕನ್ನಡದ ಪ್ರಬಂಧಗಳೂ ಸೇರುತ್ತ ಬಂದಿವೆ. ಹಳೆಯ ಪದ್ಧತಿಯಲ್ಲಿ ಸಿದ್ಧವಾದ ಪ್ರಬಂಧದ ಪಿಡಿಎಫ್ ಪ್ರತಿ ಕಣ್ಣಿಗೆ ಶುದ್ಧ ಕನ್ನಡವಾಗಿ ಕಾಣುತ್ತದೆ. ಅದರೊಳಗಿನ ಒಂದೇ ಒಂದು ಪದವೂ ಶೋಧಕ್ಕೆ ಸಿಕ್ಕುವುದಿಲ್ಲ. ಐದಾರು ವರ್ಷಗಳ ದುಡಿಮೆ ಹೀಗೆ ಪ್ರಕಟವಾಗಿಯೂ ಮರೆಯಲ್ಲಿರುತ್ತದೆ. ಪರೀಕ್ಷಿಸುವ ಉಪಾಯ ಸರಳ: ಪ್ರತಿಯಿಂದ ಒಂದು ಸಾಲನ್ನು ನಕಲಿಸಿ ಬೇರೊಂದು ಕಡೆ ಅಂಟಿಸಿದಾಗ ಕನ್ನಡವೇ ಬಂದರೆ ಅದು ಯೂನಿಕೋಡ್, ಚಿಹ್ನೆಗಳ ಸಾಲು ಬಂದರೆ ಹಳೆಯ ಪದ್ಧತಿ, ನಕಲಿಸಲು ಏನೂ ದೊರೆಯದಿದ್ದರೆ ಅದು ಬರಿಯ ಛಾಯಾಚಿತ್ರ. ಹಳೆಯ ಪದ್ಧತಿಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಲಭ್ಯವಿವೆ. ತಮ್ಮ ಮೂಲ ಕಡತಗಳನ್ನು ಉಳಿಸಿಕೊಂಡಿರುವವರಿಗೆ ಇದು ಒಂದು ದಿನದ ಕೆಲಸ.

ಯೂನಿಕೋಡ್ ಎಂಬುದು ಫಾಂಟಿನ ಹೆಸರೆಂದು ತಿಳಿದವರೂ ಇದ್ದಾರೆ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ಗೊತ್ತುಪಡಿಸಿದ ಒಪ್ಪಂದ ಅದು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಕನ್ನಡಕ್ಕೆಂದು ಮೀಸಲಿಡಲಾಗಿದೆ. ಇದರಲ್ಲಿ 'ಕನ್ನಡ' ಎಂಬುದು ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಘಟಕಗಳು. ಸಂಖ್ಯೆಯಲ್ಲಿ 3221, 3240, 3277, 3240, 3233. ಒತ್ತಕ್ಷರಕ್ಕೆ ಬೇರೆ ಸಂಖ್ಯೆಯಿಲ್ಲ. ವಿರಾಮಚಿಹ್ನೆಯ ಮುಂದೆ ಬಂದ ವ್ಯಂಜನ ತಾನಾಗಿ ಒತ್ತಾಗುತ್ತದೆ. 'ಸೂರ್ಯ' ಎಂಬಲ್ಲಿ ಅರ್ಕಾವತ್ತು ಬರವಣಿಗೆಯಲ್ಲಿ ಯಕಾರದ ಅನಂತರ ಬಂದರೂ ಯೂನಿಕೋಡ್ ರಕಾರವನ್ನು ಮೊದಲೇ ದಾಖಲಿಸುತ್ತದೆ. ಅಂದರೆ ಇಲ್ಲಿ ದಾಖಲಾಗುವುದು ಉಚ್ಚಾರಣೆಯ ಕ್ರಮ. ಹಳೆಯ ಪದ್ಧತಿ ಅಚ್ಚುಮೊಳೆ ಜೋಡಿಸುವವರ ಕಣ್ಣಿನದಾಗಿದ್ದರೆ ಇದು ವೈಯಾಕರಣರ ಕಿವಿಯದು.

ಹಾಗೆಂದು ಯೂನಿಕೋಡ್ ಬಂದೊಡನೆ ತೊಡಕುಗಳೆಲ್ಲ ನೀಗಲಿಲ್ಲ. 'ರಾಜ್‌ಕುಮಾರ್' ಎಂಬ ಹೆಸರನ್ನು ಬರೆಯುವಾಗ ಜಕಾರದ ಅರ್ಧರೂಪಕ್ಕೆ ಕಕಾರ ಒತ್ತಾಗಿ ಅಂಟಿಕೊಳ್ಳದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಘಟಕವನ್ನು ನಡುವೆ ಇಡಬೇಕಾಗುತ್ತದೆ. ಅದರ ಸಂಖ್ಯೆ 8204. ಅದನ್ನು ಇಡದೆ ಬರೆದವರ ಪಠ್ಯದಲ್ಲಿ 'ರಾಜ್ಕುಮಾರ್' ಎಂದಿರುತ್ತದೆ. ಅರ್ಕಾವತ್ತಿಗೆ ಬದಲಾಗಿ ರಕಾರವನ್ನು ಪೂರ್ಣವಾಗಿ ಬರೆದು ಮುಂದಿನದನ್ನು ಒತ್ತಾಗಿಸುವ ರೂಢಿಯವರು 8205ರ ಮತ್ತೊಂದು ಅದೃಶ್ಯ ಘಟಕವನ್ನು ಬಳಸುತ್ತಾರೆ. ಓದುಗರಿಗೆ ಒಂದೇ ಆದ ಪದ ಗಣಕಕ್ಕೆ ಎರಡಾಗುತ್ತದೆ. ಈ ಅದೃಶ್ಯ ಘಟಕಗಳನ್ನು ಲೆಕ್ಕಿಸದೆ ಹುಡುಕುವ ವ್ಯವಸ್ಥೆ ಕೆಲವೆಡೆ ಇದೆ, ಕೆಲವೆಡೆ ಇಲ್ಲ. ಪದಪ್ರಯೋಗಗಳ ಎಣಿಕೆಯನ್ನೇ ಆಧಾರವಾಗಿಟ್ಟುಕೊಂಡ ಶೈಲಿಯ ಅಧ್ಯಯನಗಳು ಈ ಸಂಗತಿಯನ್ನು ಮೊದಲು ಪರಿಶೀಲಿಸಿಕೊಳ್ಳಬೇಕು.

ಛಾಯಾಚಿತ್ರವಾಗಿರುವ ಪುಟಗಳಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಓಸಿಆರ್ ತಂತ್ರಾಂಶಗಳು ಈಗ ಕನ್ನಡಕ್ಕೂ ಇವೆ. ಸವೆದ ಮೊಳೆಯಿಂದ ಅಚ್ಚಾದ ಹಳೆಯ ಪುಸ್ತಕಗಳಲ್ಲಿ ಘಕಾರ ಫಕಾರಗಳು, ಒತ್ತುಗಳು ಅದಕ್ಕೆ ತೊಡಕಾಗಬಲ್ಲವು. ಹೀಗೆ ಹುಟ್ಟಿದ ತಪ್ಪನ್ನು ಪಾಠಾಂತರವೆಂದು ಭ್ರಮಿಸಬಾರದು. ಲಿಪಿಕಾರನ ಸ್ಖಲನಕ್ಕೆ ಒಂದು ಮಾದರಿಯಾದರೂ ಇರುತ್ತದೆ, ಹಿಂದೆ ಒಬ್ಬ ಓದುಗನಿರುತ್ತಾನೆ. ಯಂತ್ರದ ಸ್ಖಲನಕ್ಕೆ ಅರ್ಥದ ಹಂಗಿಲ್ಲ.

ಅಳಿಯುವ ಕೊಂಡಿ

ಜಾಲಪುಟವನ್ನು ಆಕರವಾಗಿ ಬಳಸುವವರು ಎದುರಿಸಬೇಕಾದ ಕೊನೆಯ ಪ್ರಶ್ನೆ ಅದರ ಅಸ್ಥಿರತೆಯದು. ಕೊಟ್ಟ ವಿಳಾಸದಲ್ಲಿ ಪುಟ ಇಲ್ಲದಿದ್ದಾಗ ಸರ್ವರ್ 404 ಎಂಬ ಸಂಖ್ಯೆಯನ್ನು ಕಳುಹಿಸುತ್ತದೆ. ಅದರ ಅರ್ಥ 'ಇಲ್ಲಿ ಸಿಗಲಿಲ್ಲ' ಎಂದಷ್ಟೆ. ಹಿಂದೆ ಇತ್ತೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಇದ್ದು ಶಾಶ್ವತವಾಗಿ ತೆಗೆದುಹಾಕಿದ್ದಕ್ಕೆ 410 ಎಂಬ ಬೇರೆ ಸಂಖ್ಯೆಯಿದೆಯಾದರೂ ಅದನ್ನು ಬಳಸುವ ಸೌಜನ್ಯ ಎಲ್ಲ ತಾಣಗಳಿಗೂ ಇಲ್ಲ. ತಾಣವನ್ನು ಹೊಸದಾಗಿ ವಿನ್ಯಾಸಗೊಳಿಸಿದಾಗ ಪುಟಗಳು ಉಳಿದು ವಿಳಾಸಗಳು ಬದಲಾಗುವುದು ಇನ್ನೊಂದು ಬಗೆ. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳು ಬಂದಾಗ ಶಾಸನಗಳ ಸಂಖ್ಯೆಗಳು ಬದಲಾದುದನ್ನು ಇಲ್ಲಿ ನೆನೆಯಬಹುದು. ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಯಾವುದೆಂದು ತೋರಿಸುವ ಕೋಷ್ಟಕ ಅಲ್ಲಿ ಮಾಡುವ ಕೆಲಸವನ್ನು ಜಾಲದಲ್ಲಿ ರೀಡೈರೆಕ್ಟ್ ಅಥವಾ ಮರುನಿರ್ದೇಶನ ಮಾಡುತ್ತದೆ. ಅಂಥ ಕೋಷ್ಟಕವಿಲ್ಲದ ತಾಣಗಳೇ ಹೆಚ್ಚು.

ವಿಳಾಸ ಬೇರೆ, ಹೆಸರು ಬೇರೆ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿದ್ದ ಶಾಸನಶಿಲೆಯನ್ನು ಮೈಸೂರಿಗೆ ಸಾಗಿಸಿದ ಮೇಲೂ ಅದು ಹಲ್ಮಿಡಿ ಶಾಸನವೇ. ವಿದ್ವತ್ ಪತ್ರಿಕೆಗಳ ಲೇಖನಗಳಿಗೆ ಕೊಡಲಾಗುವ ಡಿಓಐ ಎಂಬ ಸಂಖ್ಯೆ ಈ ಬಗೆಯ ಹೆಸರು. ಲೇಖನದ ಜಾಲವಿಳಾಸ ಬದಲಾದರೂ ಪ್ರಕಾಶಕರು ಹೊಸ ವಿಳಾಸವನ್ನು ಆ ಸಂಖ್ಯೆಗೆ ಹೊಂದಿಸಿದರೆ ಓದುಗರು ತಲುಪಬೇಕಾದಲ್ಲಿಗೆ ತಲುಪುತ್ತಾರೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕಥೆ ಇನ್ನೂ ಬೋಧಪ್ರದವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪ್ರಮುಖವಾಗಿ ಪಾಲ್ಗೊಂಡಿದ್ದ ಆ ಯೋಜನೆಯಲ್ಲಿ ಕನ್ನಡದ ಬಹುಸಂಖ್ಯೆಯ ಹಳೆಯ ಪುಸ್ತಕಗಳ ಪುಟಗಳನ್ನು ಛಾಯಾಪ್ರತಿಗೊಳಿಸಲಾಗಿತ್ತು. ಆ ತಾಣ ಸ್ಥಗಿತವಾದಾಗ, ಅದರ ವಿಳಾಸಗಳನ್ನು ಕೊಟ್ಟಿದ್ದ ಆಕರಸೂಚಿಗಳು ಒಮ್ಮೆಲೇ ನಿರುಪಯುಕ್ತವಾದವು. ಪುಸ್ತಕಗಳ ದೊಡ್ಡ ಭಾಗ ಅಮೆರಿಕದಲ್ಲಿ 1996ರಲ್ಲಿ ಸ್ಥಾಪಿತವಾದ ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಈಗ ದೊರೆಯುತ್ತದೆ. ಅಲ್ಲಿ ಅವುಗಳ ಗುರುತಿನ ಹೆಸರು 'ಇನ್ ಡಾಟ್ ಅರ್ನೆಟ್ ಡಾಟ್ ಡಿಎಲ್‌ಐ' ಎಂದು ಆರಂಭವಾಗುತ್ತದೆ. ಅಳಿದ ತಾಣದ ಕ್ಷೇತ್ರನಾಮವೇ ಹಿಂದುಮುಂದಾಗಿ ಪುಸ್ತಕಗಳ ಹೆಸರಿನಲ್ಲಿ ಉಳಿದುಕೊಂಡಿದೆ. ಇವುಗಳ ಶೀರ್ಷಿಕೆಗಳು ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿ, ಅದೂ ಒಂದು ನಿಯಮಕ್ಕೊಳಪಡದ ಕಾಗುಣಿತದಲ್ಲಿ ದಾಖಲಾಗಿರುವುದರಿಂದ, ಕನ್ನಡ ಲಿಪಿಯಲ್ಲಿ ಹುಡುಕಿ ಪುಸ್ತಕವಿಲ್ಲವೆಂದು ತೀರ್ಮಾನಿಸುವುದು ಸಲ್ಲದು.

ಇದೇ ಸಂಸ್ಥೆ 2001ರಲ್ಲಿ ಸಾರ್ವಜನಿಕರಿಗೆ ತೆರೆದ ವೇಬ್ಯಾಕ್ ಮಷೀನ್ ಎಂಬ ಸೌಲಭ್ಯ ಜಾಲಪುಟಗಳ ಪ್ರತಿಗಳನ್ನು ದಿನಾಂಕಸಹಿತ ಕಾದಿಡುತ್ತದೆ. ಉಲ್ಲೇಖಿಸಿದ ಪುಟವನ್ನು ಸಂಶೋಧಕರೇ ಅಲ್ಲಿಗೆ ಸೇರಿಸಿ, ಆ ಪ್ರತಿಯ ವಿಳಾಸವನ್ನೂ ಟಿಪ್ಪಣಿಯಲ್ಲಿ ಕೊಡಬಹುದು. ವಿಕಿಪೀಡಿಯದಲ್ಲಿ ಇದಕ್ಕೂ ಮಿಗಿಲಾದ ಏರ್ಪಾಡಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪ್ರತಿ ಲೇಖನದ 'ಇತಿಹಾಸ' ವಿಭಾಗದಲ್ಲಿ ಯಾರು, ಯಾವ ದಿನ, ಯಾವ ಪದವನ್ನು ತಿದ್ದಿದರೆಂಬುದು ಸಾಲುಸಾಲಾಗಿ ಉಳಿದಿರುತ್ತದೆ. ಗ್ರಂಥಸಂಪಾದಕರು ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು ಊಹಿಸಿ ಕಟ್ಟಬೇಕಾದ ಪಾಠಪರಂಪರೆ ಇಲ್ಲಿ ಸಿದ್ಧವಾಗಿಯೇ ದೊರೆಯುತ್ತದೆ. ಪ್ರತಿಯೊಂದು ಪಾಠಕ್ಕೂ ಬದಲಾಗದ ವಿಳಾಸವಿದೆ. ಲೇಖನದ ಸಾಮಾನ್ಯ ವಿಳಾಸದ ಬದಲು ಓದಿದ ಪಾಠದ ವಿಳಾಸವನ್ನೇ ಉಲ್ಲೇಖಿಸಬೇಕು. ಕನ್ನಡ ಶೀರ್ಷಿಕೆಯುಳ್ಳ ವಿಳಾಸವನ್ನು ನಕಲಿಸಿದಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗುವುದನ್ನು ಕಂಡು ಬೆದರಬೇಕಾಗಿಲ್ಲ. ಅಕ್ಷರದ ಪ್ರತಿ ಘಟಕವೂ ಅಲ್ಲಿ ಮೂರು ಗುಂಪುಗಳಾಗಿ, ಒಂದೊಂದು ಗುಂಪಿನಲ್ಲಿ ಮೂರು ಚಿಹ್ನೆಗಳಂತೆ ವಿಸ್ತರಿಸುವುದರಿಂದ 'ಕನ್ನಡ' ಎಂಬ ಒಂದು ಪದಕ್ಕೇ 45 ಚಿಹ್ನೆಗಳಾಗುತ್ತವೆ.

ಜಾಲದ ಆಕರವನ್ನು ನಮೂದಿಸುವಾಗ ಲೇಖಕರ ಹೆಸರು, ಪುಟದ ಶೀರ್ಷಿಕೆ, ತಾಣದ ಹೆಸರು, ಪ್ರಕಟವಾದ ದಿನಾಂಕ, ಪೂರ್ಣ ವಿಳಾಸ, ನೋಡಿದ ದಿನಾಂಕ ಇವಿಷ್ಟೂ ಬೇಕು. ಪುಟಸಂಖ್ಯೆ ಇಲ್ಲದಿರುವುದರಿಂದ ಉಪಶೀರ್ಷಿಕೆಯನ್ನೋ ಪರಿಚ್ಛೇದದ ಸಂಖ್ಯೆಯನ್ನೋ ಸೂಚಿಸಬೇಕು. ಇವುಗಳಲ್ಲಿ ನೋಡಿದ ದಿನಾಂಕವನ್ನು ಅನಾವಶ್ಯಕವೆಂದು ಬಿಡುವವರು ಹೆಚ್ಚು. ಜಾಲಪುಟದ ಯಾವ ಪಾಠ ಸಂಶೋಧಕರ ಕಣ್ಣೆದುರಿಗಿತ್ತು ಎಂಬುದನ್ನು ಮುಂದೊಂದು ದಿನ ಬೇರೊಬ್ಬರು ವೇಬ್ಯಾಕ್ ಮಷೀನಿನಲ್ಲಿ ಅಥವಾ ಪುಟದ ಇತಿಹಾಸದಲ್ಲಿ ಹುಡುಕಿ ತೆಗೆಯಲು ಇರುವ ಸುಳಿವು ಆ ದಿನಾಂಕವೊಂದೇ.